ಮಕ್ಕಳ ಪಾಲನೆಗೆ ಸರ್ಕಾರದ ನೆರವು: ಮೊತ್ತದ ಚರ್ಚೆ ಮತ್ತು ಕಾಲದ ಪ್ರಶ್ನೆ

(ಸಾರ್ವಜನಿಕರ ಮಾಹಿತಿಗಾಗಿ. ಇಲ್ಲಿನ ವಿಶ್ಲೇಷಣೆಯು ಸರ್ಕಾರದ ಆದೇಶವಲ್ಲ.)

ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಲ್ಲಿ ದಿನಾಂಕ 31-3-2006ರ ನಂತರ ಜನಿಸಿ, ಭಾಗ್ಯಲಕ್ಷ್ಮಿ ಯೋಜನೆಯಡಿ ನೋಂದಣಿಯಾದ ಹೆಣ್ಣುಮಕ್ಕಳ ಪೈಕಿ ಮೊದಲ ತಂಡದವರು 2024ರಲ್ಲಿ 18 ವರ್ಷ ಪೂರೈಸಿದರು. ಅಂದಿನಿಂದ ಬಾಂಡ್‌ಗಳು ವರ್ಷವರ್ಷವೂ ಪಕ್ವಗೊಳ್ಳುತ್ತಿವೆ. ಇದೇ ಸಮಯದಲ್ಲಿ ಮಕ್ಕಳನ್ನು ಸಾಕುವ ಕುಟುಂಬಗಳಿಗೆ ಸರ್ಕಾರ ನೆರವು ನೀಡಬೇಕೇ, ನೀಡುವುದಾದರೆ ಎಷ್ಟು, ಯಾರಿಗೆ ಎಂಬ ಚರ್ಚೆಯೂ ದಕ್ಷಿಣದ ರಾಜ್ಯಗಳಲ್ಲಿ ಕಾವೇರಿದೆ. ಚರ್ಚೆಯ ಬಹುಪಾಲು ಮೊತ್ತದ ಸುತ್ತಲೇ ನಡೆಯುತ್ತಿದೆ. ಆ ಮೊತ್ತ ಕುಟುಂಬದ ಕೈ ಸೇರುವ ಕಾಲದ ಬಗ್ಗೆ ಪ್ರಸ್ತಾಪವಾಗುವುದು ಕಡಿಮೆ. ಅರ್ಜಿದಾರರಿಗೆ ನಿಜವಾಗಿ ತಟ್ಟುವುದು ಈ ಎರಡನೆಯದೇ ಆಗಿರುವುದರಿಂದ ಅದನ್ನು ಇಲ್ಲಿ ವಿವರಿಸಲಾಗಿದೆ.

ಭಾಗ್ಯಲಕ್ಷ್ಮಿ ಯೋಜನೆಯು 2006-07ನೇ ಸಾಲಿನಲ್ಲಿ ಜಾರಿಗೆ ಬಂದಿತು. ಆರಂಭದಲ್ಲಿ ಪ್ರತಿ ಮಗುವಿನ ಹೆಸರಿನಲ್ಲಿ 10,000 ರೂ. ಠೇವಣಿ ಇಡಲಾಗುತ್ತಿತ್ತು. 2008ರಲ್ಲಿ ಇದನ್ನು ಪರಿಷ್ಕರಿಸಿ ಮೊದಲನೆಯ ಹೆಣ್ಣುಮಗುವಿಗೆ 19,300 ರೂ. ಹಾಗೂ ಎರಡನೆಯ ಹೆಣ್ಣುಮಗುವಿಗೆ 18,350 ರೂ. ಎಂದು ನಿಗದಿಪಡಿಸಲಾಯಿತು. ಪರಿಷ್ಕೃತ ಠೇವಣಿಯಡಿ 18 ವರ್ಷಗಳ ನಂತರ ದೊರೆಯುವ ಮೊತ್ತ ಕ್ರಮವಾಗಿ 1,00,097 ರೂ. ಮತ್ತು 1,00,052 ರೂ. ಆದುದರಿಂದ ಬಾಂಡ್ ಹೊಂದಿರುವ ಎಲ್ಲರಿಗೂ ಒಂದು ಲಕ್ಷ ರೂ. ಬರುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. ಪರಿಷ್ಕರಣೆಗೆ ಮೊದಲು ಜನಿಸಿದವರ ಮೊತ್ತ ಇದಕ್ಕಿಂತ ಬಹಳ ಕಡಿಮೆ ಇರುತ್ತದೆ. ಬಾಂಡ್‌ನಲ್ಲಿ ನಮೂದಾಗಿರುವ ಅಂಕಿಯನ್ನೇ ಆಧಾರವಾಗಿ ಇಟ್ಟುಕೊಳ್ಳತಕ್ಕದ್ದು.

19,300 ರೂ. 18 ವರ್ಷಗಳಲ್ಲಿ 1,00,097 ರೂ. ಆಗಬೇಕಾದರೆ ವಾರ್ಷಿಕ ಚಕ್ರಬಡ್ಡಿ ಶೇ. 9.6ರಷ್ಟು ಬೀಳುತ್ತದೆ. ಬೆಲೆಗಳು ವರ್ಷಕ್ಕೆ ಸರಾಸರಿ ಶೇ. 6ರಂತೆ ಏರುತ್ತವೆ ಎಂದು ಇಟ್ಟುಕೊಂಡರೂ, 18 ವರ್ಷಗಳ ನಂತರದ ಒಂದು ಲಕ್ಷ ರೂ.ಗೆ ಠೇವಣಿ ಇಟ್ಟ ದಿನದ ಸುಮಾರು 35,000 ರೂ. ಕೊಳ್ಳುವ ಶಕ್ತಿ ಇರುತ್ತದೆ. ಠೇವಣಿ ಎಂಬ ದೃಷ್ಟಿಯಿಂದ ಇದು ನಷ್ಟದ ವ್ಯವಹಾರವಲ್ಲ. ಈ ಯೋಜನೆಯನ್ನು ಟೀಕಿಸುವವರು ಅನೇಕ ವೇಳೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಪಾಲನೆಯ ನೆರವು ಎಂಬ ದೃಷ್ಟಿಯಿಂದ ನೋಡಿದಲ್ಲಿ ಚಿತ್ರ ಬೇರೆ. ಹಣ ಕೈಗೆ ಬರುವ ವೇಳೆಗೆ ಪಾಲನೆಯೇ ಮುಗಿದಿರುತ್ತದೆ. ಹಾಲು, ಔಷಧಿ, ಶಾಲೆಯ ಖರ್ಚುಗಳೆಲ್ಲ ಕುಟುಂಬದ ಮೇಲೆಯೇ ಬಿದ್ದು, ಕೊನೆಯಲ್ಲಿ ಒಂದು ಇಡಿಗಂಟು ಬರುತ್ತದೆ.

ಈ ಇಡಿಗಂಟಿನ ಹಿಂದೆ ಒಂದು ಉದ್ದೇಶವೂ ಇದೆ. ಮಗುವಿನ ಜನನ ನೋಂದಣಿ, ಲಸಿಕೆ, ಅಂಗನವಾಡಿ ದಾಖಲಾತಿ, ಎಂಟನೆಯ ತರಗತಿಯವರೆಗಿನ ವಿದ್ಯಾಭ್ಯಾಸ, ಬಾಲಕಾರ್ಮಿಕಳಾಗಿರದಿರುವುದು, 18 ವರ್ಷಕ್ಕೆ ಮೊದಲು ವಿವಾಹವಾಗದಿರುವುದು ಎಂಬ ಷರತ್ತುಗಳನ್ನು ಹಣಕ್ಕೆ ಕಟ್ಟಲಾಗಿದೆ. ಷರತ್ತು ಇರಬಾರದು ಎನ್ನುವವರ ವಾದವೆಂದರೆ, 18 ತುಂಬಿದ ಕೂಡಲೇ ಬರುವ ಒಂದು ಲಕ್ಷ ಮದುವೆಯ ಖರ್ಚಿಗೇ ಹೋಗುತ್ತದೆ, ಇದರಿಂದ ಹೆಣ್ಣುಮಗುವೆಂದರೆ ಮದುವೆಯ ವೆಚ್ಚ ಎಂಬ ಭಾವನೆ ಗಟ್ಟಿಯಾಗುತ್ತದೆ ಎಂಬುದು. ಇದಕ್ಕೆ ಪೂರಕವಾಗಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಮುಂದಿಡುವುದುಂಟು. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರ ಪೈಕಿ 18ಕ್ಕೆ ಮೊದಲೇ ವಿವಾಹವಾದವರು 2015-16ರಲ್ಲಿ ಶೇ. 21.4, 2019-21ರಲ್ಲಿ ಶೇ. 21.3. ಈ ಅಂಕಿಗಳು ಕಳವಳಕಾರಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇವುಗಳಿಂದ ಭಾಗ್ಯಲಕ್ಷ್ಮಿಯನ್ನು ಅಳೆಯಲಾಗದು. 2006ರ ನಂತರ ಹುಟ್ಟಿದ ಒಬ್ಬ ಹುಡುಗಿಯೂ ಆ ಸಮೀಕ್ಷೆಯ ಕಾಲಕ್ಕೆ 20 ತಲುಪಿರಲಿಲ್ಲ.

2020-21ನೇ ಸಾಲಿನಿಂದ ನೋಂದಣಿಯಾಗುವ ಮಕ್ಕಳಿಗೆ ಬಾಂಡ್ ಬದಲಾಗಿ ಅಂಚೆ ಇಲಾಖೆಯ ಸುಕನ್ಯಾ ಸಮೃದ್ಧಿ ಖಾತೆಗೆ ವರ್ಷಕ್ಕೆ 3,000 ರೂ.ನಂತೆ 15 ವರ್ಷ, ಒಟ್ಟು 45,000 ರೂ. ಜಮೆ ಮಾಡುವ ಪದ್ಧತಿ ಬಂದಿದೆ. 21 ವರ್ಷಗಳ ನಂತರ ಸುಮಾರು 1.27 ಲಕ್ಷ ರೂ. ದೊರೆಯುವುದೆಂದು ಆಗ ಅಂದಾಜಿಸಲಾಗಿತ್ತು. ಬಡ್ಡಿದರ ಕಾಲಕಾಲಕ್ಕೆ ಬದಲಾಗುವುದರಿಂದ ಇದು ಖಚಿತ ಮೊತ್ತವಲ್ಲ. ಸದರಿ ಖಾತೆಯ ನಿಯಮದಂತೆ 18 ವರ್ಷ ತುಂಬಿದ ನಂತರ ಅಥವಾ ಹತ್ತನೆಯ ತರಗತಿ ತೇರ್ಗಡೆಯಾದ ನಂತರ ಉನ್ನತ ವಿದ್ಯಾಭ್ಯಾಸಕ್ಕಾಗಿ ಶೇ. 50ರವರೆಗೆ ಹಿಂಪಡೆಯಲು ಅವಕಾಶವಿದೆ. ಈ ಬದಲಾವಣೆ ಒಳ್ಳೆಯದೆಂದೇ ತೋರುತ್ತದೆ. ಹಣ ಮದುವೆಯ ವಯಸ್ಸಿನಿಂದ ಬಿಡಿಸಿಕೊಂಡು ಕಾಲೇಜಿನ ಕಡೆಗೆ ಒಂದು ಹೆಜ್ಜೆ ಸರಿದಿದೆ.

ಇನ್ನು ಮಗುವಿನ ಮೊದಲ ವರ್ಷಗಳ ನೆರವಿಗೆ ಬರೋಣ. ಚರ್ಚೆ ಹೆಚ್ಚಾಗಿ ನಡೆಯಬೇಕಾದದ್ದು ಇಲ್ಲಿ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ 4ನೇ ಪ್ರಕರಣವು ಸರ್ಕಾರಿ ನೌಕರಿಯಲ್ಲಿರುವವರು ಮುಂತಾದವರನ್ನು ಬಿಟ್ಟು, ಉಳಿದ ಗರ್ಭಿಣಿಯರು ಹಾಗೂ ಬಾಣಂತಿಯರಿಗೆ 6,000 ರೂ.ಗಿಂತ ಕಡಿಮೆಯಿಲ್ಲದ ಹೆರಿಗೆ ನೆರವನ್ನು ಹಕ್ಕಾಗಿ ನೀಡಿದೆ. 2017ರಲ್ಲಿ ಜಾರಿಯಾದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ನೀಡಿದ್ದು 5,000 ರೂ. ಅದೂ ಮೊದಲ ಜೀವಂತ ಮಗುವಿಗೆ ಮಾತ್ರ. 2022ರಿಂದ ಎರಡನೆಯ ಮಗು ಹೆಣ್ಣಾದಲ್ಲಿ 6,000 ರೂ. ನೀಡಲಾಗುತ್ತಿದೆ. ಜನನಿ ಸುರಕ್ಷಾ ಯೋಜನೆಯ ಮೊತ್ತವನ್ನು ಸೇರಿಸಿದಲ್ಲಿ ಸರಾಸರಿ 6,000 ರೂ. ಆಗುತ್ತದೆ ಎಂಬುದು ವಿವರಣೆ. ಕರ್ನಾಟಕದಲ್ಲಿ ಆ ಮೊತ್ತ ಗ್ರಾಮಾಂತರದಲ್ಲಿ 700 ರೂ., ನಗರದಲ್ಲಿ 600 ರೂ. ಕೂಡಿಸಿ ನೋಡಿದರೆ ಮೊದಲ ಹೆರಿಗೆಗೆ 6,000 ತಲುಪುವುದಿಲ್ಲ. ತಮಿಳುನಾಡು ತನ್ನ ಡಾ. ಮುತ್ತುಲಕ್ಷ್ಮಿ ರೆಡ್ಡಿ ಯೋಜನೆಯಡಿ ನಗದು ಮತ್ತು ಪೌಷ್ಟಿಕ ಸಾಮಗ್ರಿ ಸೇರಿ 18,000 ರೂ.ವರೆಗೆ ನೀಡುತ್ತಿದೆ ಎಂಬುದನ್ನೂ ಇಲ್ಲಿ ಗಮನಿಸಬಹುದು.

ಸಂಘಟಿತ ವಲಯದ ಮಹಿಳೆಗೆ 2017ರ ತಿದ್ದುಪಡಿಯ ಪ್ರಕಾರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆ ದೊರೆಯಿತು. ಅಂದರೆ 182 ದಿನ. ಕೂಲಿ ಮಾಡುವ ಮಹಿಳೆಗೆ ದೊರೆಯುವ 5,000 ರೂ. ಎಷ್ಟು ದಿನದ ದುಡಿಮೆ? 2025-26ನೇ ಸಾಲಿನಲ್ಲಿ ಕರ್ನಾಟಕದ ಉದ್ಯೋಗ ಖಾತರಿ ದಿನಗೂಲಿ 370 ರೂ. ಭಾಗಿಸಿದಲ್ಲಿ ಹದಿನಾಲ್ಕು ದಿನವೂ ತುಂಬುವುದಿಲ್ಲ. ಒಬ್ಬ ತಾಯಿಗೆ ಆರು ತಿಂಗಳು, ಇನ್ನೊಬ್ಬ ತಾಯಿಗೆ ಎರಡು ವಾರ. ಯಾವ ಯೋಜನೆಗೆ ಎಷ್ಟು ಕೋಟಿ ಎಂಬ ವಾಗ್ವಾದದಲ್ಲಿ ಈ ಅಂತರ ಮರೆಯಾಗುತ್ತದೆ. ವೇತನದ ಹೊರೆ ಮಾಲೀಕರ ಮೇಲೆಯೇ ಬೀಳುವುದರಿಂದ ಕೆಲವು ಸಂಸ್ಥೆಗಳು ಮಹಿಳೆಯರನ್ನು ನೇಮಿಸಿಕೊಳ್ಳಲು ಹಿಂಜರಿಯುತ್ತವೆ ಎಂಬ ಆಕ್ಷೇಪಣೆಯೂ ಇದೆ. ಅದು ತಳ್ಳಿಹಾಕುವಂಥದ್ದಲ್ಲ.

ನಗದಿಗಿಂತ ಸೇವೆಯೇ ಮೇಲು ಎನ್ನುವವರಿಗೆ ನಮ್ಮ ರಾಜ್ಯದಲ್ಲಿ ಆಧಾರವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅವುಗಳಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. 2013ರಲ್ಲಿ ಕ್ಷೀರಭಾಗ್ಯ, 2017ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ನೀಡುವ ಮಾತೃಪೂರ್ಣ ಬಂದವು. ಊಟ ಒಳ್ಳೆಯದೇ. ಆದರೆ ಬಾಣಂತಿ ಪ್ರತಿದಿನ ಅಂಗನವಾಡಿಯವರೆಗೆ ನಡೆದು ಬರಬೇಕು ಎಂಬುದನ್ನು ಯೋಜನೆ ರೂಪಿಸುವಾಗ ಇನ್ನಷ್ಟು ಯೋಚಿಸಬಹುದಿತ್ತು. ಅಂಗನವಾಡಿಯ ವೇಳೆಗೂ ಕೂಲಿಯ ವೇಳೆಗೂ ಹೊಂದಿಕೆಯಾಗದಿರುವುದು ಹಳೆಯ ಸಮಸ್ಯೆ. ದುಡಿಯುವ ತಾಯಂದಿರ ಮಕ್ಕಳಿಗಾಗಿ 2023-24ರ ಆಯವ್ಯಯದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 4,000 'ಕೂಸಿನ ಮನೆ'ಗಳನ್ನು ಘೋಷಿಸಿದ್ದು ಈ ಕೊರತೆಯನ್ನು ಒಪ್ಪಿಕೊಂಡಂತೆಯೇ ಆಗಿದೆ. ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಹೊಂದಿಲ್ಲವೆಂದು 2019-21ರ ಸಮೀಕ್ಷೆ ತಿಳಿಸಿದೆ. ಮೊದಲ ಎರಡು ವರ್ಷಗಳಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಹದಿನೆಂಟನೆಯ ವರ್ಷದ ಬಾಂಡ್ ಸರಿಪಡಿಸಲಾರದು.

2024ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಹೊಂದುವಂತೆ ಕುಟುಂಬಗಳಿಗೆ ಕರೆ ನೀಡಿದ ನಂತರ ಚರ್ಚೆಗೆ ಜನಸಂಖ್ಯೆಯ ವಿಷಯವೂ ಸೇರಿಕೊಂಡಿತು. 2019-21ರ ಸಮೀಕ್ಷೆಯಂತೆ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7 ಇತ್ತು. ಜನಸಂಖ್ಯೆ ಸ್ಥಿರವಾಗಿರಲು ಬೇಕಾದದ್ದು 2.1. ಆದರೂ ನಮ್ಮ ಯೋಜನೆಗಳು ಒಂದು ಮಗು, ಎರಡು ಮಗು ಎಂಬ ಎಣಿಕೆಯ ಮೇಲೆಯೇ ನಿಂತಿವೆ. ಈ ಎಣಿಕೆ ಕುಟುಂಬ ಯೋಜನೆಯ ಪ್ರಚಾರ ಕಾಲದ್ದು. ಮೂರನೆಯದಾಗಿ ಹುಟ್ಟಿದ ಮಗುವಿಗೆ ಹಸಿವು ಕಡಿಮೆಯಿರುವುದಿಲ್ಲ. ಐದು ಸಾವಿರ ರೂಪಾಯಿಗಾಗಿ ಯಾರೂ ಮಗುವನ್ನು ಹೆರುವುದೂ ಇಲ್ಲ, ಬಿಡುವುದೂ ಇಲ್ಲ.

ಅರ್ಜಿದಾರರ ಮಾಹಿತಿಗೆ ಇನ್ನೊಂದು ವಿಷಯ. ಮೇಲ್ಕಂಡ ನಗದು ನೆರವುಗಳನ್ನು ಪಡೆಯುವಲ್ಲಿ ಜನನದ ದಾಖಲೆಯೇ ಮುಖ್ಯ ಆಧಾರವಾಗಿರುತ್ತದೆ. ಜನನವನ್ನು 21 ದಿನಗಳೊಳಗೆ ನೋಂದಾಯಿಸತಕ್ಕದ್ದು. ನಂತರ ವಿಳಂಬ ಶುಲ್ಕ ಅನ್ವಯವಾಗುತ್ತದೆ, ಒಂದು ವರ್ಷ ಮೀರಿದಲ್ಲಿ ದಂಡಾಧಿಕಾರಿಗಳ ಆದೇಶ ಅಗತ್ಯ. ದಿನಾಂಕ 1-10-2023ರಂದು ಮತ್ತು ನಂತರ ಜನಿಸಿದವರಿಗೆ ಶಾಲಾ ದಾಖಲಾತಿ ಮುಂತಾದ ಉದ್ದೇಶಗಳಿಗೆ ಜನನ ದಿನಾಂಕ ಮತ್ತು ಸ್ಥಳದ ಪುರಾವೆಯಾಗಿ ಜನನ ಪ್ರಮಾಣಪತ್ರವನ್ನೇ ಪರಿಗಣಿಸಲಾಗುತ್ತದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಆಧಾರ್, ಪಾಸ್‌ಬುಕ್ ಹಾಗೂ ತಾಯಿ ಕಾರ್ಡ್‌ಗಳಲ್ಲಿ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು. ಅರ್ಜಿ ನಮೂನೆ ಹಾಗೂ ಬಾಂಡ್ ಸಂಬಂಧಿತ ವಿಚಾರಣೆಗೆ ತಮ್ಮ ವ್ಯಾಪ್ತಿಯ ಅಂಗನವಾಡಿ ಕಾರ್ಯಕರ್ತೆ ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.