ಮಂಗಟ್ಟೆಯ ಮರ ಉಳಿಯಲಿ



ದಾಂಡೇಲಿಯ ಕಾಳಿ ನದಿ ದಂಡೆಯ ಕಾಡನ್ನು ಸರ್ಕಾರ 2011ರಲ್ಲಿ ಮಂಗಟ್ಟೆ ಹಕ್ಕಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಆದರೆ ಹಕ್ಕಿಗೆ ಗಡಿಕಲ್ಲು ತಿಳಿಯದು; ಹಣ್ಣು ಅರಸಿ ಹಳಿಯಾಳ, ಜೋಯಿಡಾದ ಹೊಲ-ತೋಟಗಳ ಅಂಚಿಗೂ ಬರುತ್ತದೆ.

ಹಳೆಯ ಮರದ ಪೊಟರೆಯೇ ಅದರ ಗೂಡು. ಬೇಸಿಗೆಯಲ್ಲಿ ಹೆಣ್ಣು ಒಳಹೊಕ್ಕು ಬಾಯಿ ಮುಚ್ಚಿಕೊಳ್ಳುತ್ತದೆ. ಸಣ್ಣ ಕಂಡಿಯಿಂದ ಗಂಡು ಹಣ್ಣು ಉಣಿಸುತ್ತದೆ. ಪೊಟರೆಯನ್ನು ತಾನೇ ಕೊರೆಯಲಾರದು. ಅಂಥ ಮರ ಉರುಳಿದರೆ ಸಂತಾನವೇ ನಿಲ್ಲುತ್ತದೆ. ನುಂಗಿದ ಹಣ್ಣಿನ ಬೀಜವನ್ನು ದೂರ ದೂರ ಬಿತ್ತಿ ಕಾಡು ಬೆಳೆಸುವುದು ಈ ಹಕ್ಕಿಯೇ. ಆ ಕಾಡಿದ್ದರೆ ನಮ್ಮ ಹಳ್ಳಕ್ಕೆ ನೀರು, ಕೊಟ್ಟಿಗೆಗೆ ಸೊಪ್ಪು.

ಆದುದರಿಂದ ಬದುವಿನ ಆಲ, ಅತ್ತಿ, ಬಸರಿಗೆ ಕೊಡಲಿ ಹಾಕಬೇಡಿರಿ. ಟೊಳ್ಳು ಮರ ಸೌದೆಗೇ ಸರಿ ಎನ್ನುವ ಮುನ್ನ ಒಮ್ಮೆ ಕತ್ತೆತ್ತಿ ನೋಡಿರಿ. ಅರಣ್ಯ ಇಲಾಖೆಯೂ ರೈತರಿಗೆ ಸಸಿ ಹಂಚುವಾಗ ಈ ಜಾತಿಗಳನ್ನು ಮರೆಯದಿರಲಿ.