ಮೂರರಲ್ಲಿ ಉಳಿದ ಒಂದು ಸೇತುವೆ

ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ, ಲೂಪ್ ಹೆಡ್ ಭೂಶಿರದ ಬಳಿ, ‘ಬ್ರಿಡ್ಜಸ್ ಆಫ್ ರಾಸ್’ ಎಂಬ ಜಾಗವಿದೆ. ಹೆಸರು ಬಹುವಚನ, ಹೋಗಿ ನೋಡಿದರೆ ಸೇತುವೆ ಒಂದೇ. ಕಡಲು ಕೊರೆದು ಮಾಡಿದ್ದ ಮೂರು ಕಲ್ಲು ಕಮಾನುಗಳಲ್ಲಿ ಎರಡನ್ನು ಕಡಲೇ ವಾಪಸು ಪಡೆದಿದೆ. ಕಡಲ್ಕೊರೆತವೆಂದರೇನೆಂದು ಉಳ್ಳಾಲದ ಮಳೆಗಾಲ ಕಂಡವರಿಗೆ ಹೇಳಬೇಕಿಲ್ಲ. ರಾಸ್‌ನಲ್ಲಿ ಹೆಸರನ್ನಾದರೂ ಯಾರೂ ತಿದ್ದಲಿಲ್ಲವಲ್ಲ, ಅದೇ ಸಮಾಧಾನ.

ಕಳೆದ ಹತ್ತು ವರ್ಷಗಳತ್ತ ತಿರುಗಿ ನೋಡಿದರೆ, ಕ್ಯಾಮೆರಾ ಹಿಡಿದವರ ಕಣ್ಣೆದುರೇ ಕರಗಿದ್ದರಲ್ಲಿ ಮೊದಲು ನೆನಪಾಗುವುದು ಬಂಡೆಯಲ್ಲ, ಉತ್ತರ ಐರ್ಲೆಂಡಿನ ಆಂಟ್ರಿಮ್ ಕೌಂಟಿಯ ‘ಡಾರ್ಕ್ ಹೆಡ್ಜಸ್’ ಸಾಲುಮರ. ಬೀಚ್ ಮರಗಳು (ಬೀಚ್ ಎಂದರೆ ಇಲ್ಲಿ ಮರದ ಜಾತಿ, ಕಡಲತೀರವಲ್ಲ). ಗ್ರೇಸ್‌ಹಿಲ್ ಬಂಗಲೆಗೆ ಬರುವ ನೆಂಟರು ಬೆರಗಾಗಲೆಂದು ಸ್ಟುವರ್ಟ್ ಮನೆತನದವರು 1775ರ ಸುಮಾರಿಗೆ ನೆಟ್ಟಿದ್ದ 150ರಷ್ಟು ಸಸಿಗಳು ಬೆಳೆದು, ಕೊಂಬೆಗೆ ಕೊಂಬೆ ಹೆಣೆದು ಚಪ್ಪರವಾಗಿದ್ದವು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿ ಒಂದಿಷ್ಟು ಹೊತ್ತು ಕಾಣಿಸಿಕೊಂಡದ್ದೇ ತಡ, ಜನ ಬಸ್ಸುಗಟ್ಟಲೆ ಬಂದರು. ಬೇರುಗಳ ಮೇಲೆ ಚಕ್ರ ಉರುಳಿದ್ದು ಸಾಕೆಂದು 2017ರಲ್ಲಿ ವಾಹನಗಳನ್ನು ತಡೆದರು. ಅಷ್ಟರಲ್ಲೇ, 2016ರ ಜನವರಿಯಲ್ಲಿ, ಗರ್ಟ್ರೂಡ್ ಬಿರುಗಾಳಿಗೆ ಎರಡು ಮರ ಬಿದ್ದಿದ್ದವು. ಆ ದಿಮ್ಮಿಗಳಿಂದ ಹತ್ತು ಬಾಗಿಲು ಕೆತ್ತಿಸಿ ಪಬ್ಬು, ಹೋಟೆಲುಗಳಿಗೆ ಹಂಚಿದರು. ಪ್ರವಾಸೋದ್ಯಮ ಯಾವುದನ್ನೂ ದಂಡ ಮಾಡುವುದಿಲ್ಲ. 2023ರ ನವೆಂಬರಿನಲ್ಲಿ ಅಪಾಯವೆಂದು ಆರನ್ನು ಕಡಿದರು. ಎರಡೇ ತಿಂಗಳಿಗೆ ಇಶಾ ಬಿರುಗಾಳಿ ಮೂರನ್ನು ಕೆಡವಿತು. 2025ರ ಜನವರಿಯಲ್ಲಿ ಎಯೋವಿನ್ ಬಂದು ಇನ್ನಷ್ಟನ್ನು ಕೊಂಡೊಯ್ದಿತು.

ಗಾಳಿಯನ್ನು ಬೈದು ಫಲವಿಲ್ಲ. ಬೀಚ್ ಮರದ ಆಯುಸ್ಸು 150ರಿಂದ 200 ವರ್ಷ ಎನ್ನುತ್ತಾರೆ. ಇವು ಆಗಲೇ 240 ದಾಟಿದ್ದವು. ಬೈಯಬೇಕಾದದ್ದು ಫೋಟೊ ತೆಗೆದ ನಮ್ಮನ್ನೇ. ಎಲ್ಲರೂ ರಸ್ತೆಯ ನಡುವೆ ಟ್ರೈಪಾಡ್ ನೆಟ್ಟು, ಮಂಜಿಗೆ ಕಾದು, ನಡುವೆ ಬಂದ ಮನುಷ್ಯರನ್ನು ಒರೆಸಿ ಹಾಕಿ, ಒಂದೇ ಚಿತ್ರವನ್ನು ಸಾವಿರ ಸಲ ತೆಗೆದೆವು. ಯಾವ ಕಾಂಡ ಟೊಳ್ಳಾಗಿತ್ತು, ಯಾವ ಕೊಂಬೆ ಜೋತುಬಿದ್ದಿತ್ತು ಎಂದು ಆ ರಾಶಿಯಲ್ಲಿ ಹುಡುಕಿದರೆ ಸಿಗುವುದು ಮಂಜು ಮಾತ್ರ.

19ನೇ ಶತಮಾನದ ಕೊನೆಯಲ್ಲಿ ಡಬ್ಲಿನ್ನಿನ ಲಾರೆನ್ಸ್ ಸ್ಟುಡಿಯೊಗಾಗಿ ಊರೂರು ತಿರುಗಿದ ಛಾಯಾಗ್ರಾಹಕ ರಾಬರ್ಟ್ ಫ್ರೆಂಚ್ ಕೂಡ ಮಾರಾಟದ ಚಿತ್ರಗಳನ್ನೇ ತೆಗೆದವರು. ಆದರೆ ಅವರ ಫ್ರೇಮಿನಲ್ಲಿ ಅಂಗಡಿಯ ಬೋರ್ಡು, ಕುದುರೆಗಾಡಿ, ಬರಿಗಾಲ ಹುಡುಗರೂ ಉಳಿದರು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 1943ರಲ್ಲಿ ಕೊಂಡ ಆ ಸಂಗ್ರಹದ ಸುಮಾರು 40,000 ಗಾಜಿನ ಫಲಕಗಳು ಈಗ ಚರಿತ್ರೆಕಾರರಿಗೆ ಸಾಕ್ಷ್ಯ.

ಇನ್ನು ಅಕಿಲ್ ದ್ವೀಪದ ಡೂಆ ಎಂಬ ಊರು. 1984ರಲ್ಲಿ ಬಿರುಗಾಳಿಗೆ ಅಲ್ಲಿನ ಮರಳುತೀರ ಪೂರಾ ಕೊಚ್ಚಿಹೋಗಿ, 33 ವರ್ಷ ಬರೀ ಬಂಡೆಯಿತ್ತು. 2017ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ಕಡಲು ಮರಳನ್ನು ತಂದು ಸುರಿಯಿತು. 2019ರಲ್ಲಿ ಮತ್ತೆ ಎಳೆದುಕೊಂಡಿತು. ನಡುವೆ ಹೋದವರ ಬಳಿ ಮರಳಿನ ಫೋಟೊ ಇದೆ, ಹಿಂದೆ ಮುಂದೆ ಹೋದವರ ಬಳಿ ಬಂಡೆಯದು. ಹಿಂಬದಿಯಲ್ಲಿ ತಾರೀಖು ಬರೆಯದಿದ್ದರೆ ಎರಡೂ ಒಂದೇ ಊರೆಂದು ಯಾರೂ ನಂಬರು.