ಗಂಡಸರ ಪಂಪು, ಹೆಂಗಸರ ಕೆಮ್ಮು

“ವೈನಿ, ಪಂಪ್ ಪ್ರೆಶರ್ ಏರಿಸೀನಿ. ಇನ್ನ ಗಾಡಿ ಹುಲಿ ಹಂಗ ಏರತೈತಿ ನೋಡ್ರಿ” ಎಂದು ನಮ್ಮ ಮೈದುನ ಹಲಗೇರಿಯ ಮನೆಯ ಮುಂದೆ ಲಾರಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದ. ಹುಲಿ ಕಾಣಲಿಲ್ಲ. ಹಗ್ಗದ ಮೇಲೆ ಒಣಹಾಕಿದ್ದ ನನ್ನ ಎರಡು ಇಲಕಲ್ಲ ಸೀರೆಗಳೂ ಕಪ್ಪು ಹೊಗೆಯಲ್ಲಿ ಕಾಣದಾದವು. ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ನಮ್ಮ ಅತ್ತೆ ಕೆಮ್ಮಲು ಶುರುಮಾಡಿದರು. ದಿನವಿಡೀ ಆ ಘಾಟಿನಲ್ಲಿ ಕೂತರೂ ಕೆಮ್ಮದ ಜೀವ ಅದು.

ನಾನು ಬಾಯಿ ತೆರೆದೆ. “ಅದೆಲ್ಲ ಹೆಣ್ಮಕ್ಕಳಿಗೆ ತಿಳಿಯಂಗಿಲ್ರಿ” ಎಂದ. ನನ್ನ ಜಗಳ ಈ ಮಾತಿನೊಂದಿಗೆ.

ತಿಳಿಯದೇ ಇರಲು ಏನಿದೆ? ಸೀಮೆಎಣ್ಣೆಯ ಬತ್ತಿ ಸ್ಟೋವಿನಲ್ಲಿ ಅಡಿಗೆ ಮಾಡಿದ ಯಾರನ್ನಾದರೂ ಕೇಳಿ. ಬತ್ತಿ ಅತಿಯಾಗಿ ಏರಿಸಿದರೆ ನೀಲಿ ಉರಿ ಹೋಗಿ ಹಳದಿ ಉರಿ ಬರುತ್ತದೆ, ಪಾತ್ರೆಯ ತಳ ಮಸಿ ಹಿಡಿಯುತ್ತದೆ, ಎಣ್ಣೆ ಬೇಗ ತೀರುತ್ತದೆ. ಎಣ್ಣೆ ಹೆಚ್ಚಾಯಿತು, ಗಾಳಿ ಸಾಲಲಿಲ್ಲ, ಅಷ್ಟೆ. ಡೀಸೆಲ್ ಎಂಜಿನ್ನಿನ ಕಥೆಯೂ ಅದೇ. ಇವರು ಪ್ರೆಶರ್ ಎನ್ನುವುದು ಪ್ರೆಶರ್ ಕೂಡ ಅಲ್ಲ! ನಮ್ಮದರಂಥ ಹಳೆಯ ಲಾರಿಗಳಲ್ಲಿ ನಾಜಲ್ ತೆರೆಯುವ ಒತ್ತಡವೇ ಬೇರೆ, ಅದು ಸುಮಾರು 200 ಬಾರ್. ಪಂಪು ಒಂದೊಂದು ಸಲಕ್ಕೆ ಒಳಗೆ ತಳ್ಳುವ ಡೀಸೆಲ್ಲಿನ ಪ್ರಮಾಣ ಬೇರೆ. ರಸ್ತೆ ಬದಿಯ ಫಿಟ್ಟರ್ ಸೀಲು ಮುರಿದು ತಿರುಗಿಸುವುದು ಈ ಎರಡನೆಯದರ ಸ್ಕ್ರೂವನ್ನು. ಪಂಪು ಬಿಚ್ಚಿ, ಟೆಸ್ಟ್ ಬೆಂಚಿನ ಮೇಲೆ ಕೂರಿಸಿ, ಎಲ್ಲ ಸಿಲಿಂಡರಿಗೂ ಸಮನಾಗಿ ಹೋಗುತ್ತದೆಯೇ ಎಂದು ಅಳೆದು ಮಾಡುವ ಕೆಲಸವನ್ನು ಆತ ಎಂಜಿನ್ನಿನ ಸಪ್ಪಳ ಕೇಳಿ ಮುಗಿಸುತ್ತಾನೆ. ಎಳೆತ ಸ್ವಲ್ಪ ಹೆಚ್ಚುತ್ತದೆ, ಸುಳ್ಳಲ್ಲ. ಆದರೆ ಪೂರ್ತಿ ಉರಿಯದ್ದು ಮಸಿಯಾಗಿ ಹೊರಬರುತ್ತದೆ, ಒಳಗಿನ ಕಾವು ಏರಿ ಪಿಸ್ಟನ್ನು, ವಾಲ್ವು ಹಾಳಾಗುತ್ತವೆ. ಲೆಕ್ಕದ ಪುಸ್ತಕ ಬರೆಯುವವಳು ನಾನು. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡುತ್ತಿದ್ದ ಗಾಡಿ ಆ ತಿಂಗಳು ಮೂರೂಮುಕ್ಕಾಲಕ್ಕೆ ಇಳಿದಿತ್ತು.

ಪಂಪು ಏರಿಸುವುದರ ಹಿಂದೆ ಇರುವುದು ಲೋಡು. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಚೀಲ ಹಗುರ, ಜಾಗ ಬಹಳ ಬೇಡುತ್ತದೆ. ಅದಕ್ಕೆಂದು ಬಾಡಿ ಎತ್ತರ ಮಾಡಿಸುತ್ತಾರೆ. ಮೆಣಸಿನಕಾಯಿ ಸೀಜನ್ ಮುಗಿದ ಮೇಲೆ ಅದೇ ಎತ್ತರಕ್ಕೆ ಗೋವಿನಜೋಳ ತುಂಬಿದರೆ? ಸರಕಾರ 2018ರಲ್ಲಿ ಲಾರಿಗಳ ಭಾರದ ಮಿತಿಯನ್ನೇ ಶೇಕಡಾ 20ರಿಂದ 25ರಷ್ಟು ಏರಿಸಿತು. ಅದೂ ಸಾಲದಾಯಿತು. 2019ರ ತಿದ್ದುಪಡಿಯ ಪ್ರಕಾರ ಹೆಚ್ಚಿನ ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಟನ್ನಿಗೆ 2,000. ಒಮ್ಮೆ ಸಿಕ್ಕರೆ ಎಷ್ಟು ಟ್ರಿಪ್ಪಿನ ಉಳಿತಾಯ ಹೋಗುತ್ತದೆ ಎಂದು ಕೇಳಿದರೆ, “ಬಾಡಿಗೆ ಗಿಟ್ಟಂಗಿಲ್ರಿ” ಎನ್ನುತ್ತಾನೆ. ಅದನ್ನು ನಾನು ಒಪ್ಪುತ್ತೇನೆ. ಟನ್ ಲೆಕ್ಕದಲ್ಲಿ ಬಾಡಿಗೆ ಕತ್ತರಿಸುವವರು ಬೇರೆ, ದಂಡ ಕಟ್ಟುವವರು ಬೇರೆ. ಆದರೆ ಆ ಕೊರತೆಯನ್ನು ನಮ್ಮತ್ತೆಯ ಪುಪ್ಪುಸದಿಂದ ತುಂಬಿಸಬೇಕೆಂದು ಯಾವ ಶಾಸ್ತ್ರದಲ್ಲಿದೆ? ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ.

ನಿಮ್ಮ ಮನೆಯಲ್ಲಿ ಲಾರಿ ಇಲ್ಲದಿರಬಹುದು. ಮಗುವನ್ನು ಸ್ಕೂಟಿಯ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಹೊರಟಾಗ ಮುಂದಿನ ಗಾಡಿ ಕಪ್ಪು ಉಗುಳಿದರೆ ಸೆರಗನ್ನು ಮಗುವಿನ ಮೂಗಿಗೆ ಹಿಡಿಯುವವರು ನೀವೇ ತಾನೆ? ಆಗಲೂ “ನಮಗೇನು ತಿಳಿಯುತ್ತದೆ” ಎಂದೇ ಸುಮ್ಮನಾಗುತ್ತೀರಾ?

ಮುಂದಿನ ಸೋಮವಾರದ ಪೇಟೆಗೆ ಮೊದಲು ರಾಣೆಬೆನ್ನೂರಿನಲ್ಲಿ ಪಂಪು ಬೆಂಚಿಗೆ ಹಾಕಿಸಿ, ಸೀಲು ಮಾಡಿಸಿ ಚೀಟಿ ತರಬೇಕು, ಅಲ್ಲಿಯತನಕ ಡೀಸೆಲ್ ದುಡ್ಡು ನನ್ನ ಹತ್ತಿರವೇ ಎಂದು ಹೇಳಿದ್ದೇನೆ. ಮೈದುನ ಮುಖ ಊದಿಸಿಕೊಂಡಿದ್ದಾನೆ. ಸೀರೆಗಳನ್ನು ಮತ್ತೆ ಒಗೆಯುವವರು ಯಾರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.